ಜರ್ಮನಿಯ ರಾಗಕ್ಕೆ ಕನ್ನಡದ ಮಾತು

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಕಡೆಯ ಹಳೆಯ ಮನೆಗಳ ಮಾಡಿನಿಂದ ಒಂದು ಹಂಚು ಇಳಿಸಿ ನೋಡಿದರೆ ಕೆಲವೊಮ್ಮೆ ಬಾಸೆಲ್ ಮಿಶನಿನ ಮುದ್ರೆ ಕಾಣಿಸುತ್ತದೆ. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಶುರು ಮಾಡಿದ ಕಾರ್ಖಾನೆ ಅದು. ಹಂಚು ಕೊಟ್ಟವರನ್ನು ನಮ್ಮ ಜಿಲ್ಲೆ ಮರೆತಿಲ್ಲ. ಆದರೆ ಅದೇ ಜನ ಕಟ್ಟಿದ ಹಾಡುಗಳ ಬಗ್ಗೆ ಚರ್ಚಿನ ಹೊರಗೆ ಮಾತಾಡುವವರು ಕಡಿಮೆ. ನಾವು ಮುಸ್ಲಿಮರಂತೂ ಆ ಕಡೆ ಕಿವಿಗೊಟ್ಟದ್ದೇ ಇಲ್ಲ.

1834ರ ಅಕ್ಟೋಬರ್ 30ರಂದು ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿನಲ್ಲಿ ಇಳಿದರು. 1836ರಲ್ಲಿ ಹೆರ್ಮನ್ ಮೊಗ್ಲಿಂಗ್ ಬಂದರು, 1840ರಲ್ಲಿ ಅವರ ಬಂಧು ಗಾಡ್‌ಫ್ರಿಡ್ ವೈಗಲ್. ಲೂಥರನ ಕಾಲದಿಂದಲೂ ಈ ಪಂಥದವರ ಆರಾಧನೆಯಲ್ಲಿ ಸಭೆಯೆಲ್ಲ ಒಟ್ಟಾಗಿ, ತನ್ನ ಮಾತಿನಲ್ಲೇ ಹಾಡಬೇಕು. ಪಾದ್ರಿ ಹಾಡಿ ಉಳಿದವರು ಕೇಳಿದರೆ ಸಾಲದು. ಹೊಸದಾಗಿ ಸೇರಿದ ಬಿಲ್ಲವರಿಗೆ ಜರ್ಮನ್ ಬರುವುದಿಲ್ಲ, ಇವರಿಗೆ ಜರ್ಮನ್ ರಾಗ ಬಿಟ್ಟರೆ ಬೇರೆ ಬಾರದು. ಹಾಗಾಗಿ ರಾಗ ಅಲ್ಲಿಯದು, ಮಾತು ಇಲ್ಲಿಯದು ಎಂದಾಯಿತು. ಮೊಗ್ಲಿಂಗ್ ಮತ್ತು ವೈಗಲ್ ಸೇರಿ ಕಟ್ಟಿದ ಕನ್ನಡ ಗೀತೆಗಳು ಹುಟ್ಟಿದ್ದು ಈ ಇಕ್ಕಟ್ಟಿನಲ್ಲಿ.

ಇಕ್ಕಟ್ಟು ಸಣ್ಣದಲ್ಲ. ಜರ್ಮನ್ ಹಾಡಿನಲ್ಲಿ ಸಾಮಾನ್ಯವಾಗಿ ಒಂದು ಸ್ವರಕ್ಕೆ ಒಂದು ಅಕ್ಷರ. ಒತ್ತು ಬೀಳುವ ಜಾಗ ಗೊತ್ತಾಗಿರುತ್ತದೆ. ಪ್ರಾಸ ಸಾಲಿನ ತುದಿಯಲ್ಲಿ. ಕನ್ನಡದ್ದು ಮಾತ್ರೆಯ ಲೆಕ್ಕ. ಪ್ರಾಸ ಸಾಲಿನ ಎರಡನೆಯ ಅಕ್ಷರದಲ್ಲಿ. ಗುರು ಬರಬೇಕಾದಲ್ಲಿ ಲಘು ಬಂದು ಕೂತರೆ ಹಾಡುವವನು ಅದನ್ನು ಎಳೆಯಬೇಕು, ದೀರ್ಘವನ್ನು ನುಂಗಬೇಕು. ಮೂಡಬಿದಿರೆಯ ರತ್ನಾಕರವರ್ಣಿ 16ನೇ ಶತಮಾನದಲ್ಲೇ ಸಾಂಗತ್ಯದಲ್ಲಿ ಸಾವಿರಾರು ಪದ್ಯಗಳನ್ನು ನೀರು ಹರಿದಂತೆ ಹರಿಸಿದ ಜಿಲ್ಲೆ ಇದು. ಅದನ್ನು ಕೇಳಿದ ಕಿವಿಗೆ ಮಿಶನರಿಗಳ ಹಾಡು ಇಕ್ಕಟ್ಟಾದ ಅಂಗಿ ತೊಟ್ಟಂತೆ ಕೇಳಿಸುತ್ತದೆ. ಅವೆಲ್ಲ ಒಳ್ಳೆಯ ಕವಿತೆ ಎಂದು ನಾವು ಹೇಳುವುದಿಲ್ಲ.

ಆದರೆ ಈ ಜನಕ್ಕೆ ನಮ್ಮ ಪದ್ಯದ ಬಗೆ ಗೊತ್ತಿರಲಿಲ್ಲ ಎಂದರೆ ತಪ್ಪಾಗುತ್ತದೆ. ವೈಗಲ್ 1848ರಲ್ಲೇ ಜರ್ಮನಿಯ ವಿದ್ವಾಂಸರ ಪತ್ರಿಕೆಯಲ್ಲಿ ಕನ್ನಡ ಭಾಷೆ, ಸಾಹಿತ್ಯ ಕುರಿತು ಬರೆದವರು. ಮೊಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಹೊರತಂದದ್ದು ಶಾಲೆಯ ಮಕ್ಕಳಿಗೂ ಗೊತ್ತು. ಅವರು 1848ರಿಂದ 1853ರವರೆಗೆ ಕಾಸಮೇಜರ್ ಎಂಬ ಇಂಗ್ಲಿಷ್ ಅಧಿಕಾರಿಯ ಹಣದಿಂದ ಕನ್ನಡದ ಹಳೆಯ ಗ್ರಂಥಗಳನ್ನು ಅಚ್ಚು ಹಾಕಿಸಿದರು. ಅದರಲ್ಲಿ ದಾಸರ ಪದಗಳೂ ಸೇರಿದ್ದವು. ಅಲ್ಲಿಯವರೆಗೆ ಬಾಯಿಯಲ್ಲೂ ಓಲೆಯಲ್ಲೂ ಇದ್ದ ಪುರಂದರ, ಕನಕರ ಹಾಡುಗಳನ್ನು ಅಚ್ಚಿಗೆ ಏರಿಸಿದವನು ಜನರನ್ನು ಆ ದೇವರಿಂದ ಬಿಡಿಸಲು ಬಂದ ಪಾದ್ರಿ! ಎದುರಾಳಿಯ ಹಾಡನ್ನು ಇಷ್ಟು ಅಕ್ಕರೆಯಿಂದ ತಿದ್ದಿ ಅಚ್ಚು ಹಾಕಿಸಿದ ಮನಸ್ಸು ಎಂಥದ್ದಿರಬಹುದು? ಇದೇ ಮೊಗ್ಲಿಂಗ್ 1844ರ ಜನವರಿಯಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ಯುವಕನಿಗೆ ದೀಕ್ಷೆ ಕೊಟ್ಟಾಗ ಮಂಗಳೂರಿನಲ್ಲಿ ಗದ್ದಲ ಎದ್ದಿತ್ತು. ಎರಡೂ ಒಬ್ಬನೇ ಮನುಷ್ಯನ ಕೆಲಸ. ಒಂದನ್ನು ಮುಂದಿಟ್ಟು ಇನ್ನೊಂದನ್ನು ಮುಚ್ಚುವವರು ನಮ್ಮಲ್ಲಿ ಎರಡು ಕಡೆಯೂ ಇದ್ದಾರೆ.

1853ರಲ್ಲಿ ಬಂದ ಕಿಟೆಲ್ ಬೇರೆ ದಾರಿ ಹಿಡಿದರು. 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಕಥೆಯನ್ನು ಅವರು ಹೇಳಿದ್ದು ಇಲ್ಲಿಯ ಛಂದಸ್ಸಿನಲ್ಲಿ. ಮುಂದೆ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೇ ಸಂಪಾದಿಸಿದರು. ತುಳುವಿನ ಕೆಲಸ ಗ್ರೈನರ್, ಅಮ್ಮನ್ ಅವರದ್ದು. 1847ರಲ್ಲಿ ಕನ್ನಡ ಲಿಪಿಯಲ್ಲಿ ತುಳು ಹೊಸ ಒಡಂಬಡಿಕೆ ಅಚ್ಚಾಯಿತು, ತುಳುವಿನಲ್ಲಿ ಕೀರ್ತನೆಗಳೂ ಬಂದವು. ಮನೆಯಲ್ಲಿ ಆಡುವ ಮಾತಿನಲ್ಲೇ ದೇವರನ್ನು ಕರೆಯಬಹುದು ಎಂದು ಗದ್ದೆಯ ಒಕ್ಕಲಿಗೆ ತಿಳಿದದ್ದು ಸಣ್ಣ ಸಂಗತಿಯೇನಲ್ಲ.

ಇಲ್ಲಿ ನಮ್ಮ ಮನೆಯ ಕಡೆಗೂ ನೋಡಬೇಕಾಗುತ್ತದೆ. ಹಜ್ರತ್ ಈಸಾ(ಅ)ರ ಬಗ್ಗೆ ಆ ಹಾಡುಗಳು ಹೇಳುವುದನ್ನು ನಾವು ಒಪ್ಪುವುದಿಲ್ಲ, ಒಪ್ಪಬೇಕೆಂದೂ ಇಲ್ಲ. ನಮಗೂ ಹಾಡುಗಳಿದ್ದವು. 1607ರ ಮುಹಿಯುದ್ದೀನ್ ಮಾಲೆಯನ್ನು ಕರಾವಳಿಯ ಮನೆಗಳಲ್ಲಿ ಹೆಂಗಸರು ಹಾಡುತ್ತಿದ್ದರು, ಆದರೆ ಅದು ಅರಬಿ ಮಲಯಾಳಂ. ಉರ್ದು ಕಲಿತ ನಮಗೆ ನಾತ್ ಬಾಯಿಪಾಠ. ಬಂದರಿನಲ್ಲಿ ಶತಮಾನಗಳಿಂದ ಇದ್ದ ನಾವು ಕನ್ನಡದಲ್ಲೋ ತುಳುವಿನಲ್ಲೋ ಹಾಡು ಕಟ್ಟಿದ್ದು ಎಷ್ಟು? ಘಟ್ಟದ ಮೇಲೆ, ಮೊಗ್ಲಿಂಗರ ಕಾಲದಲ್ಲೇ, 1819ರಲ್ಲಿ ಹುಟ್ಟಿದ ಶಿಶುನಾಳ ಶರೀಫ ಸಾಹೇಬರು ಕನ್ನಡದಲ್ಲೇ ಹಾಡಿದರು. ಅವರನ್ನೂ ನಾವು ಪೂರ್ತಿ ನಮ್ಮವರೆಂದು ಹೇಳಿಕೊಳ್ಳಲು ಹಿಂದೆಮುಂದೆ ನೋಡಿದವರೇ.

ಇನ್ನೊಂದು ಮಾತು. ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಮಕ್ಕಳಿಗಾಗಿ ಬರೆದ ಪದ್ಯಗಳಲ್ಲಿ ಪ್ರಾಸ ಸಾಲಿನ ತುದಿಗೆ ಬಂದು ನಿಂತಿದೆ. 1920ರ ದಶಕದಲ್ಲಿ ಬಿಎಂಶ್ರೀಯವರ ‘ಇಂಗ್ಲಿಷ್ ಗೀತಗಳು’ ಬಂದಾಗ ಹೊಸ ಕವಿತೆ ಹುಟ್ಟಿತು ಎಂದರು. ಅದಕ್ಕೆ ಬಹಳ ಮೊದಲೇ ನಮ್ಮ ಜಿಲ್ಲೆಯ ಚರ್ಚುಗಳಲ್ಲಿ ಭಾನುವಾರ ಭಾನುವಾರ ಅಂಥ ಸಾಲುಗಳನ್ನು ಜನ ಹಾಡುತ್ತಿದ್ದರು. ಸಾಹಿತ್ಯ ಚರಿತ್ರೆಯಲ್ಲಿ ಅವಕ್ಕೆ ಒಂದು ಪುಟ ಸಿಕ್ಕರೆ ಹೆಚ್ಚು.

ವೈಗಲ್ 1855ರಲ್ಲಿ ಮಂಗಳೂರಿನಲ್ಲೇ ತೀರಿಕೊಂಡರು. ಅವರ ವಿಧವೆಯನ್ನು ಮೊಗ್ಲಿಂಗ್ ಮದುವೆಯಾದರು, 1860ರಲ್ಲಿ ಊರಿಗೆ ಮರಳಿದರು, 1881ರಲ್ಲಿ ಅಲ್ಲೇ ನಿಧನರಾದರು.

ಕೆಲವು ವರ್ಷಗಳ ಹಿಂದೆ ಬೆಳ್ತಂಗಡಿ ತಾಲೂಕಿನ ಘಟ್ಟದ ಬುಡದ ಹಳ್ಳಿಯಲ್ಲಿ, ಕೇರಳದಿಂದ ಬಂದು ನೆಲೆಸಿದ ಒಂದು ಮನೆಯ ಸಾವಿಗೆ ಹೋಗಿದ್ದೆವು. ಶವ ಎತ್ತುವಾಗ ‘ಸಮಯಮಾಂ ರಥತ್ತಿಲ್’ ಹಾಡಿದರು. ಕೇರಳದ ಕ್ರೈಸ್ತರಲ್ಲಿ ಸಾವಿನ ಮನೆಯ ಹಾಡು ಎಂದರೆ ಇದೇ. ಬರೆದವರು ಫೋಲ್‌ಬ್ರೆಕ್ಟ್ ನಾಗೆಲ್. 1893ರಲ್ಲಿ ಇದೇ ಬಾಸೆಲ್ ಮಿಶನಿನಿಂದ ಕಣ್ಣೂರಿಗೆ ಬಂದ ಜರ್ಮನ್. ಮುಂದೆ ಮಿಶನ್ ಬಿಟ್ಟು ತ್ರಿಶ್ಶೂರಿನ ಕಡೆ ಅನಾಥಾಲಯ ನಡೆಸಿದರು. ಊರಿಗೆ ಹೋಗಿದ್ದಾಗ ಮಹಾಯುದ್ಧ ಶುರುವಾಗಿ ಮರಳಲಾಗಲಿಲ್ಲ, 1921ರಲ್ಲಿ ಜರ್ಮನಿಯಲ್ಲೇ ತೀರಿಕೊಂಡರು. ಆಗ ನಮಗೆ ಇದೊಂದೂ ಗೊತ್ತಿರಲಿಲ್ಲ. ಅಂಗಳದ ಮೂಲೆಯಲ್ಲಿ ಕೂತಿದ್ದ ಹಿರಿಯರೊಬ್ಬರನ್ನು, ‘ಈ ಹಾಡು ಯಾರದ್ದು?’ ಎಂದು ಕೇಳಿದೆವು. ಅವರು ಕಣ್ಣೊರೆಸಿಕೊಂಡು, ‘ನಮ್ಮ ಊರಿನದ್ದೇ ಸಾಹೇಬರೇ, ನಮ್ಮ ಮಲಯಾಳಿಗಳು ಯಾರೋ ಬರೆದದ್ದು’ ಎಂದರು.