ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ಮಾರ್ಗ

ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ಮಾರ್ಗವು ದೆಹಲಿಯ ಇಂದಿರಾ ಗಾಂಧಿ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣವನ್ನು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸ್ಯಾನ್ ಫ್ರಾನ್ಸಿಸ್ಕೊ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದೊಡನೆ ಜೋಡಿಸುವ ವಾಯುಮಾರ್ಗ. ಏರ್ ಇಂಡಿಯಾ ಸಂಸ್ಥೆಯು ಇಲ್ಲಿ ತಡೆರಹಿತ ಸೇವೆಯನ್ನು 2015ರ ಡಿಸೆಂಬರ್ 2ರಂದು ಆರಂಭಿಸಿತು. ಹೆಚ್ಚು ದೂರ ಹಾರಿಯೂ ಬೇಗ ತಲುಪಬಹುದೆಂಬುದಕ್ಕೆ ಈ ಮಾರ್ಗವು ಒಳ್ಳೆಯ ನಿದರ್ಶನವಾಗಿದೆ.

ದೂರ

ಎರಡೂ ನಿಲ್ದಾಣಗಳ ನಡುವಣ ಕನಿಷ್ಠ ದೂರ ಸುಮಾರು 12,400 ಕಿ.ಮೀ. ಗೋಡೆಯ ನಕಾಶೆಯ ಮೇಲೆ ಗೆರೆ ಎಳೆದರೆ ಈ ದಾರಿ ಕಾಣಸಿಗದು. ಭೂಗೋಳದ ಮಾದರಿಯ ಮೇಲೆ ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಹಿಡಿದು ನೋಡಬೇಕು. ಆಗ ದಾರವು ಹಿಮಾಲಯ, ಚೀನಾ, ಸೈಬೀರಿಯಾಗಳನ್ನು ದಾಟಿ, ಆರ್ಕ್ಟಿಕ್ ಸಾಗರದ ಅಂಚನ್ನು ಮುಟ್ಟಿ, ಅಲಾಸ್ಕಾದ ಮೂಲಕ ಕೆಳಗಿಳಿಯುತ್ತದೆ. ಇದನ್ನು ಮಹಾವೃತ್ತದ ದಾರಿ ಎನ್ನುತ್ತಾರೆ.

ವಾಸ್ತವದಲ್ಲಿ ವಿಮಾನವು ಈ ದಾರದ ಮೇಲೆಯೇ ಸಾಗುವುದಿಲ್ಲ. ವಿಮಾನದೊಳಗಿನ ಗಾಳಿಯ ಒತ್ತಡ ಕುಸಿದರೆ ತಕ್ಷಣ ಸುಮಾರು 3,000 ಮೀಟರ್ ಎತ್ತರಕ್ಕೆ ಇಳಿಯಬೇಕಾಗುತ್ತದೆ. ಟಿಬೆಟ್ ಪ್ರಸ್ಥಭೂಮಿಯ ನೆಲವೇ ಅದಕ್ಕಿಂತ ಎತ್ತರದಲ್ಲಿದೆ. ಇದಲ್ಲದೆ ದೇಶಗಳ ವಾಯುಪ್ರದೇಶದ ಅನುಮತಿ, ತುರ್ತಾಗಿ ಇಳಿಯಲು ನಿಲ್ದಾಣಗಳ ಲಭ್ಯತೆ ಮುಂತಾದವುಗಳೂ ದಾರಿಯನ್ನು ನಿರ್ಧರಿಸುತ್ತವೆ. 2023ರ ಜೂನ್ 6ರಂದು ಇದೇ ಮಾರ್ಗದ ವಿಮಾನವೊಂದು ಎಂಜಿನ್ ತೊಂದರೆಯಿಂದಾಗಿ ರಷ್ಯಾದ ಮಗದಾನ್‌ನಲ್ಲಿ ಇಳಿಯಬೇಕಾಯಿತು. ಅದರಲ್ಲಿ 216 ಪ್ರಯಾಣಿಕರಿದ್ದರು.

ಗಾಳಿ ಮತ್ತು ಪ್ರಯಾಣದ ಅವಧಿ

ಆರಂಭದಲ್ಲಿ ವಿಮಾನಗಳು ಪಶ್ಚಿಮಕ್ಕೆ ಹೊರಟು ಅಟ್ಲಾಂಟಿಕ್ ಸಾಗರವನ್ನು ದಾಟಿ ಹೋಗುತ್ತಿದ್ದವು. ಆ ದಾರಿ ಸುಮಾರು 13,900 ಕಿ.ಮೀ. ಉದ್ದವಿತ್ತು. 2016ರ ಅಕ್ಟೋಬರಿನಲ್ಲಿ ಏರ್ ಇಂಡಿಯಾ ದಿಕ್ಕನ್ನೇ ಬದಲಿಸಿ, ಪೂರ್ವಾಭಿಮುಖವಾಗಿ ಪೆಸಿಫಿಕ್ ಸಾಗರದ ಮೇಲೆ ಬೋಯಿಂಗ್ 777-200ಎಲ್‌ಆರ್ ವಿಮಾನವನ್ನು ಹಾರಿಸಿತು. ದೂರ ಸುಮಾರು 15,300 ಕಿ.ಮೀ.ಗೆ ಏರಿತು, ಅವಧಿಯಾದರೋ ಸುಮಾರು ಹದಿನಾಲ್ಕೂವರೆ ಗಂಟೆಗೆ ಇಳಿಯಿತು.

ಇದಕ್ಕೆ ಕಾರಣ ಜೆಟ್ ಪ್ರವಾಹ. ಮಧ್ಯ ಅಕ್ಷಾಂಶಗಳಲ್ಲಿ, ನೆಲದಿಂದ ಸುಮಾರು 10 ಕಿ.ಮೀ. ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ರಭಸವಾಗಿ ಬೀಸುವ ಗಾಳಿ ಇದು. ಚಳಿಗಾಲದಲ್ಲಿ ಇದರ ಬಲ ಇನ್ನೂ ಹೆಚ್ಚು. ನಿಶ್ಚಲ ಗಾಳಿಯಲ್ಲಿ ಗಂಟೆಗೆ ಸುಮಾರು 900 ಕಿ.ಮೀ. ಸಾಗುವ ವಿಮಾನವು ಮೇಲಿನ ಲೆಕ್ಕದಂತೆ ಸರಾಸರಿ 1,055 ಕಿ.ಮೀ. ವೇಗದಲ್ಲಿ ಸಾಗಿತು. ಹೊಳೆಯ ಸೆಳವಿನೊಡನೆ ಹೋಗುವ ದೋಣಿಗೆ ಸಿಗುವ ಅನುಕೂಲವೇ ಇಲ್ಲಿಯೂ ಸಿಗುತ್ತದೆ. ಮರಳುವಾಗಲೂ ಪೂರ್ವದ ದಿಕ್ಕನ್ನೇ ಹಿಡಿದು ಅಟ್ಲಾಂಟಿಕ್ ಮೂಲಕ ಬಂದರೆ, ಹೋಗಿ ಬರುವಷ್ಟರಲ್ಲಿ ಒಂದು ಭೂಪ್ರದಕ್ಷಿಣೆಯೇ ಆಗುತ್ತದೆ.

ಗಡಿಯಾರದ ವ್ಯತ್ಯಾಸ

ಟಿಕೆಟ್ಟಿನಲ್ಲಿ ಮುದ್ರಿತವಾಗುವುದು ಆಯಾ ಊರಿನ ಸಮಯ. ಭಾರತವು ಕ್ಯಾಲಿಫೋರ್ನಿಯಾಕ್ಕಿಂತ ಚಳಿಗಾಲದಲ್ಲಿ 13 ಗಂಟೆ 30 ನಿಮಿಷ, ಮಾರ್ಚ್‌ನಿಂದ ನವೆಂಬರ್‌ವರೆಗೆ 12 ಗಂಟೆ 30 ನಿಮಿಷ ಮುಂದಿರುತ್ತದೆ. ಚಳಿಗಾಲದಲ್ಲಿ ಬೆಳಗಿನ 4 ಗಂಟೆಗೆ ದೆಹಲಿಯಿಂದ ಹೊರಟು 15 ಗಂಟೆ 30 ನಿಮಿಷ ಹಾರಿದವರು ಅದೇ ದಿನ ಬೆಳಗಿನ 6 ಗಂಟೆಗೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿರುತ್ತಾರೆ. ಕೇವಲ ಎರಡು ಗಂಟೆಯ ಪ್ರಯಾಣವೆಂದು ಭಾವಿಸಿ ಮುಂದಿನ ಕಾರ್ಯಕ್ರಮ ಇಟ್ಟುಕೊಳ್ಳುವವರಿಗೆ ದೇಹವು ಬೇರೆಯೇ ಲೆಕ್ಕ ಹೇಳುತ್ತದೆ.

ಬೆಂಗಳೂರಿನ ನೇರ ಸಂಪರ್ಕ

2021ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯಾ ವಿಮಾನವು ಉತ್ತರ ಧ್ರುವದ ಮೇಲಿಂದ ಹಾರಿ, 11ರಂದು ನಸುಕಿನಲ್ಲಿ ಬೆಂಗಳೂರಿನ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಇಳಿಯಿತು. ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳೇ ಅದನ್ನು ನಡೆಸಿದರು. ಈ ಎರಡು ನಿಲ್ದಾಣಗಳ ಕನಿಷ್ಠ ದೂರ ಸುಮಾರು 13,990 ಕಿ.ಮೀ. ತಾರೀಖು ಎರಡು ದಿನ ಮುಂದೆ ಹೋಗಿದ್ದರೂ ಹಾರಾಟದ ಅವಧಿ ಸುಮಾರು 17 ಗಂಟೆಗಳಷ್ಟೇ ಆಗಿತ್ತು.