ಹೀಲಾ ಕೋಶದೊಳಗೆ ಉಳಿದ ಎರಡು ಜೀನ್‌ಗಳು

ನಾನು ವರ್ಷಗಟ್ಟಲೆ ಪ್ರಯೋಗಾಲಯದಲ್ಲಿ ಹೀಲಾ ಕೋಶಗಳನ್ನು ಸಾಕಿದವಳು. ಫ್ಲಾಸ್ಕಿನ ಗುಲಾಬಿ ದ್ರವ ಹಳದಿಗೆ ತಿರುಗಿದರೆ ಅವಕ್ಕೆ ಹಸಿವಾಗಿದೆ ಎಂದು ಲೆಕ್ಕ. ದ್ರವ ಬದಲಿಸಿ 37 ಡಿಗ್ರಿ ಶಾಖದಲ್ಲಿಟ್ಟರೆ ಹೆಚ್ಚುಕಡಿಮೆ ಒಂದು ದಿನದಲ್ಲಿ ಇಮ್ಮಡಿಯಾಗುತ್ತವೆ. ‘ಇವಕ್ಕೆ ಸಾವೇ ಇಲ್ಲವಾ ಮೇಡಂ?’ ಎಂದು ಬೆರಗಾಗುವ ವಿದ್ಯಾರ್ಥಿಗಳಿಗೆ ನಾನು ಮೊದಲು ಹೇಳುತ್ತಿದ್ದುದು ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಹೆಸರನ್ನು.

ಅಮೆರಿಕದ ಬಾಲ್ಟಿಮೋರ್, 1951. ಐದು ಮಕ್ಕಳ ಕಪ್ಪು ತಾಯಿ ಹೆನ್ರಿಯೆಟ್ಟಾ ಗರ್ಭಕಂಠದ ಕ್ಯಾನ್ಸರಿಗಾಗಿ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆ ಸೇರಿದರು. ರೇಡಿಯಂ ಇಡುವ ಮೊದಲು ವೈದ್ಯರು ಗೆಡ್ಡೆಯ ಚೂರೊಂದನ್ನು ತೆಗೆದು ಜಾರ್ಜ್ ಗೇ ಅವರ ಪ್ರಯೋಗಾಲಯಕ್ಕೆ ಕಳಿಸಿದರು. ಆಕೆಯನ್ನು ಒಂದು ಮಾತೂ ಕೇಳಲಿಲ್ಲ. ಇದು ಅನ್ಯಾಯವೇ. ಅಕ್ಟೋಬರ್ 4ರಂದು, 31ನೇ ವಯಸ್ಸಿನಲ್ಲಿ ಆಕೆ ತೀರಿಕೊಂಡರು. ಆ ಚೂರಿನ ಕೋಶಗಳು, ಅಂದರೆ ಹೀಲಾ, ಬೆಳೆಯುತ್ತಲೇ ಹೋದವು.

ಏಕೆ ಬೆಳೆದವು? ಜಗತ್ತಿನ ಲ್ಯಾಬುಗಳೆಲ್ಲ ಬಳಸಿದರೂ ಮೂರು ದಶಕ ಉತ್ತರ ಸಿಗಲಿಲ್ಲ. 1984ರಲ್ಲಿ ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್ ಅವರ ತಂಡ ಎಚ್‌ಪಿವಿ 18 ಎಂಬ ವೈರಸ್ಸಿನ ಡಿಎನ್‌ಎಯನ್ನು ಈ ಕೋಶಗಳಲ್ಲಿ ಕಂಡಿತು. ಅಲ್ಲಿ ಇಡೀ ವೈರಸ್ ಇರಲಿಲ್ಲ. ಮುರಿದ ತುಣುಕುಗಳು ಕೋಶದ 8ನೇ ವರ್ಣತಂತುವಿನಲ್ಲಿ ಹುದುಗಿದ್ದವು. ಹೊಸ ವೈರಸ್ ಹುಟ್ಟಿಸುವ ಶಕ್ತಿ ಅವಕ್ಕಿಲ್ಲ. ಮರುವರ್ಷ ಎಲಿಸಬೆತ್ ಶ್ವಾರ್ಟ್ಸ್ ಮತ್ತು ಸಂಗಡಿಗರು ಆರ್‌ಎನ್‌ಎ ಹುಡುಕಿದಾಗ ಇನ್ನೂ ದುಡಿಯುತ್ತಿದ್ದ ಎರಡು ವೈರಸ್ ಜೀನ್‌ಗಳು ಸಿಕ್ಕವು: ಇ6, ಇ7.

ನನಗೆ ಇಡೀ ಕಥೆಯ ತಿರುಳು ಇಲ್ಲಿದೆ. ಇ6 ತಯಾರಿಸುವ ಪ್ರೋಟೀನು, ಕೆಟ್ಟ ಕೋಶವನ್ನು ಸಾಯಿಸಬೇಕಾದ ಪಿ53 ಪ್ರೋಟೀನನ್ನು ನಾಶಮಾಡಿಸುತ್ತದೆ. ಇ7 ತಯಾರಿಸುವುದು, ವಿಭಜನೆಯನ್ನು ತಡೆಯುವ ಆರ್‌ಬಿ ಪ್ರೋಟೀನನ್ನು ಹಿಡಿದು ಕಟ್ಟಿಹಾಕುತ್ತದೆ. ಮಾಮೂಲಿ ಸೋಂಕಿನಲ್ಲಿ ಈ ಎರಡಕ್ಕೂ ಲಗಾಮು ಹಾಕುವುದು ವೈರಸ್ಸಿನದೇ ಇ2 ಜೀನ್. ವರ್ಣತಂತುವಿಗೆ ಸೇರಿಕೊಳ್ಳುವಾಗ ಕಡಿದುಹೋದದ್ದು ಅದೇ! 2000ದಲ್ಲಿ ಯೇಲ್ ವಿಶ್ವವಿದ್ಯಾಲಯದ ಗುಡ್ವಿನ್ ಮತ್ತು ಡಿಮಾಯೊ ಹೀಲಾ ಕೋಶಗಳಿಗೆ ಇದೇ ಬಗೆಯ ದನದ ವೈರಸ್ಸಿನ ಇ2ವನ್ನು ಕೊಟ್ಟರು. ಇ6, ಇ7 ಅಡಗಿದವು, ಪಿ53 ಎದ್ದಿತು, ಅರ್ಧ ಶತಮಾನ ನಿಲ್ಲದೆ ಒಡೆದ ಕೋಶಗಳು ಮುಪ್ಪಾಗಿ ವಿಭಜನೆ ನಿಲ್ಲಿಸಿದವು. ‘ಅಮರ’ ಎನ್ನುವ ಮಾತನ್ನು ನಾನು ಆಮೇಲೆ ತರಗತಿಯಲ್ಲಿ ಬಳಸಲಿಲ್ಲ.

ಈ ವೈರಸ್ಸಿನ ವಿರುದ್ಧ 2006ರಲ್ಲಿ ಬಂದ ಲಸಿಕೆಯಲ್ಲಿರುವುದು ಎಲ್1, ಅಂದರೆ ವೈರಸ್ಸಿನ ಹೊರಕವಚದ ಪ್ರೋಟೀನು. ಹೀಲಾದಲ್ಲಿ ಆ ಜೀನ್ ಮೂಕ. ಹಾಗಾಗಿ ಕ್ಯಾನ್ಸರ್ ಬಂದ ಮೇಲೆ ಈ ಲಸಿಕೆ ಏನೂ ಮಾಡಲಾರದು. ಸೋಂಕು ತಗಲುವ ಮುನ್ನವೇ ಕೊಡಬೇಕು. 2023ರಿಂದ ನಮ್ಮ ದೇಶದಲ್ಲೇ ತಯಾರಾದ ಲಸಿಕೆಯೂ ಸಿಗುತ್ತಿದೆ. ನಿಮ್ಮ ಮನೆಯಲ್ಲಿ ಒಂಬತ್ತು ದಾಟಿದ ಹೆಣ್ಣುಮಗುವಿದ್ದರೆ ದಯವಿಟ್ಟು ಈ ತಿಂಗಳೇ ವೈದ್ಯರನ್ನು ಕೇಳಿ.