ರೋಗಶಮನ ಮತ್ತು ರಕ್ಷಣೆ: ಮೈಸೂರು ಸೀಮೆಯಲ್ಲಿ ಕ್ರೈಸ್ತ ಆರೋಗ್ಯಚಿಂತನೆ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ತಾಲ್ಲೂಕುಗಳು 2007ರಲ್ಲಿ ರಾಮನಗರ ಜಿಲ್ಲೆಯಾಗಿ ಒಗ್ಗೂಡಿದವು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂದಿತು. ಊರೂರಿಗೆ ಮಾರಮ್ಮನ ಗುಡಿ, ಚನ್ನಪಟ್ಟಣದಲ್ಲಿ ಸೂಫಿ ಗುರುಗಳ ಸಮಾಧಿ, ಕನಕಪುರದ ಕಡೆ ಹಾರೋಬೆಲೆಯಂತಹ ಕ್ರೈಸ್ತ ಕೃಷಿಕರ ಗ್ರಾಮ, ಹೀಗೆ ಹಲವು ಶ್ರದ್ಧೆಗಳು ನೆರೆಹೊರೆಯಲ್ಲಿ ಬಾಳಿಬಂದ ಸೀಮೆ ಇದು. ಇಂತಹ ನಾಡಿನಲ್ಲಿ ರೋಗವನ್ನೂ ಅದರ ಉಪಶಮನವನ್ನೂ ಕುರಿತ ಕ್ರೈಸ್ತ ಚಿಂತನೆ ಪಶ್ಚಿಮದಿಂದ ಸಿದ್ಧರೂಪದಲ್ಲಿ ಬಂದು ನೆಲೆಸಿತೇ, ಅಥವಾ ಇಲ್ಲಿಯ ಜನರ ಪ್ರಶ್ನೆಗಳಿಂದಲೂ ರೂಪುಗೊಂಡಿತೇ ಎಂಬುದನ್ನು ಪರಿಶೀಲಿಸುವುದು ನಮ್ಮ ಉದ್ದೇಶ. ಈ ತಾಲ್ಲೂಕುಗಳ ಚರಿತ್ರೆಯನ್ನು ಅವು ಸೇರಿದ್ದ ಮೈಸೂರು ಸಂಸ್ಥಾನದ ಚರಿತ್ರೆಯಿಂದ ಬೇರ್ಪಡಿಸಲಾಗದು. ಆದುದರಿಂದ ಸಂಸ್ಥಾನದ ಸಾಕ್ಷ್ಯಗಳನ್ನೇ ನಾವು ಇಲ್ಲಿ ಮುಖ್ಯವಾಗಿ ಆಧರಿಸಿದ್ದೇವೆ.

ಮೊದಲು ಶಬ್ದವಿಚಾರ. ಹೊಸ ಒಡಂಬಡಿಕೆಯ ಮೂಲಭಾಷೆಯಾದ ಗ್ರೀಕಿನಲ್ಲಿ ‘ಸೋಜೊ’ ಎಂಬ ಒಂದೇ ಕ್ರಿಯಾಪದಕ್ಕೆ ರೋಗದಿಂದ ಬಿಡಿಸು, ಪಾಪದಿಂದ ಉದ್ಧರಿಸು ಎಂಬ ಎರಡು ಅರ್ಥಗಳೂ ಉಂಟು. ಕನ್ನಡಕ್ಕೆ ಬರುವಾಗ ಅದು ಸ್ವಸ್ಥಮಾಡು, ರಕ್ಷಿಸು ಎಂದು ಎರಡು ಮಾತುಗಳಾಗಿ ಒಡೆಯಿತು. ಆದರೆ ‘ಸ್ವಸ್ಥ’ ಎಂಬುದೂ ಬರಿಯ ದೇಹಸೌಖ್ಯವನ್ನು ಹೇಳುವ ಪದವಲ್ಲ. ದೋಷ ಧಾತುಗಳ ಸಮತೆಯೊಡನೆ ಆತ್ಮ, ಇಂದ್ರಿಯ, ಮನಸ್ಸುಗಳ ಪ್ರಸನ್ನತೆಯನ್ನೂ ಸುಶ್ರುತನು ಸ್ವಸ್ಥನ ಲಕ್ಷಣದಲ್ಲಿ ಸೇರಿಸಿದ್ದಾನೆ. ಹೀಗೆ ಗ್ರೀಕಿನ ಅರ್ಥವ್ಯಾಪ್ತಿ ಅನುವಾದದಲ್ಲಿ ಕೊಂಚ ಕುಗ್ಗಿದರೂ ಆಯುರ್ವೇದದ ಪದವು ತನ್ನದೇ ಆದ ವ್ಯಾಪ್ತಿಯನ್ನು ಅದಕ್ಕೆ ಕೂಡಿಸಿತು.

ಎರಡನೆಯದು, ರೋಗವು ದೈವೇಚ್ಛೆಯಾದರೆ ಅದನ್ನು ತಡೆಯುವುದು ದೈವದ್ರೋಹವಲ್ಲವೇ ಎಂಬ ಪ್ರಶ್ನೆ. ಇದು ನಮ್ಮ ಹಳ್ಳಿಗಳಿಗೆ ಮಾತ್ರ ಸೇರಿದುದೆಂದು ಭಾವಿಸುವುದು ಸರಿಯಲ್ಲ. 1722ರಲ್ಲಿ ಲಂಡನ್ನಿನ ಪಾದ್ರಿ ಎಡ್ಮಂಡ್ ಮ್ಯಾಸೆ, ಸಿಡುಬಿನ ಕೀವನ್ನು ಆರೋಗ್ಯವಂತರ ಮೈಗೆ ಸೇರಿಸಿ ರೋಗ ತಡೆಯುವ ಕ್ರಮವು ಪಾಪವೆಂದು ದೇವಾಲಯದಲ್ಲಿಯೇ ಬೋಧಿಸಿದನು. ಅದಕ್ಕೆ ಒಂದು ವರ್ಷ ಮೊದಲು ಅಮೆರಿಕದ ಬಾಸ್ಟನ್ನಿನಲ್ಲಿ ಕಾಟನ್ ಮ್ಯಾದರ್ ಎಂಬ ಪಾದ್ರಿ ಅದೇ ಕ್ರಮವನ್ನು ಸಮರ್ಥಿಸಿದ್ದನು. ಅವನಿಗೆ ಅದನ್ನು ತಿಳಿಸಿದವನು ಒನೆಸಿಮಸ್ ಎಂಬ ಆಫ್ರಿಕದ ಗುಲಾಮ. ಕ್ರೈಸ್ತ ಜಗತ್ತಿನಲ್ಲಿಯೇ ಈ ವಿಷಯದಲ್ಲಿ ಏಕಾಭಿಪ್ರಾಯವಿರಲಿಲ್ಲವೆಂಬುದೂ, ಅದರ ವೈದ್ಯಜ್ಞಾನಕ್ಕೆ ಪರಸಂಸ್ಕೃತಿಯ ಋಣವಿತ್ತೆಂಬುದೂ ಇದರಿಂದ ಸ್ಪಷ್ಟವಾಗುತ್ತದೆ.

ಜೆನ್ನರನು 1798ರಲ್ಲಿ ಪ್ರಕಟಿಸಿದ ಗೋಸಿಡುಬಿನ ಲಸಿಕೆ 1802ರಲ್ಲಿ ಮುಂಬಯಿಗೆ ಬಂದಿತು. ಅದು ಮೈಸೂರನ್ನು ತಲುಪಿದಾಗ ಅದರ ಪ್ರಸಾರಕ್ಕೆ ದುಡಿದವರಲ್ಲಿ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ ಪ್ರಮುಖರು. 1803-04ರ ಅವಧಿಯಲ್ಲಿ 25,000ಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಲಾಯಿತೆಂದು ದಾಖಲೆಯುಂಟು. ಇವರೆಲ್ಲರೂ ಅವರ ಸಭೆಗೆ ಸೇರಿದವರಾಗಿರಲಾರರು. ಇದೇ ದುಬ್ವಾ ಸ್ವದೇಶಕ್ಕೆ ಮರಳಿದ 1823ರಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ, ಹಿಂದೂಗಳ ಮತಾಂತರವು ಸಾಧ್ಯವಾಗದ ಕಾರ್ಯವೆಂದು ಬರೆದರು. ಮತಪ್ರಸಾರದಲ್ಲಿ ನಿರಾಶರಾದ ಪಾದ್ರಿಯ ಹೆಸರು ಲಸಿಕೆಯ ಚರಿತ್ರೆಯಲ್ಲಿ ಉಳಿದಿರುವುದು ವಿಚಾರಾರ್ಹ. ಚಿಕಿತ್ಸೆಯು ಮತಾಂತರದ ಸಾಧನವೇ, ಅಥವಾ ತನ್ನಷ್ಟಕ್ಕೆ ತಾನೇ ಧರ್ಮಕಾರ್ಯವೇ ಎಂಬ ವಿವಾದಕ್ಕೆ ಇದಕ್ಕಿಂತ ಉಚಿತವಾದ ನಿದರ್ಶನ ದುರ್ಲಭ.

ಜನಸಾಮಾನ್ಯರು ಲಸಿಕೆಯನ್ನು ಹೇಗೆ ಅರ್ಥಮಾಡಿಕೊಂಡರು? ಸಿಡುಬನ್ನು ‘ಅಮ್ಮ’ ಎಂದೂ ‘ದೇವಿ’ ಎಂದೂ ಕರೆದು, ಬೇವಿನ ಸೊಪ್ಪಿನಿಂದಲೂ ತಂಪಿನ ನೈವೇದ್ಯದಿಂದಲೂ ಆಕೆಯನ್ನು ಶಾಂತಗೊಳಿಸುತ್ತಿದ್ದ ಜನ, ಲಸಿಕೆ ಹಾಕಿಸುವುದನ್ನು ‘ದೇವಿ ಹಾಕಿಸುವುದು’ ಎಂದರು. ರೋಗಕ್ಕಿದ್ದ ಹೆಸರೇ ರೋಗವನ್ನು ತಡೆಯುವ ಉಪಾಯಕ್ಕೂ ಬಂದಿತು. ಲಂಡನ್ನಿನ ಪಾದ್ರಿಗೆ ದೈವವಿರೋಧಿಯಾಗಿ ತೋರಿದ ಕಾರ್ಯವನ್ನು ಕನ್ನಡದ ಆಡುಮಾತು ದೈವದ ಹೆಸರಿನಲ್ಲಿಯೇ ಒಳಗೆ ಕರೆದುಕೊಂಡಿತು. ಇದರಿಂದ ಹಿಂಜರಿಕೆ ಅಳಿಯಿತೆಂದು ಹೇಳಲಾಗದು. ಆದರೆ ಭಕ್ತಿಗೂ ಚಿಕಿತ್ಸೆಗೂ ನಡುವೆ ಒಂದು ದಾರಿ ತೆರೆಯಿತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಮೇಲೆ ಪ್ಲೇಗಮ್ಮನ ಗುಡಿಗಳೂ ಎದ್ದವು. ಯೂರೋಪಿನ ಕ್ರೈಸ್ತರೂ ಪ್ಲೇಗಿನ ಕಾಲದಲ್ಲಿ ಸಂತ ಸೆಬಾಸ್ಟಿಯನ್, ಸಂತ ರೋಕ್ ಇವರ ಮೊರೆಹೊಗುತ್ತಿದ್ದುದನ್ನು ಇದರೊಡನೆ ಹೋಲಿಸಬಹುದು. ತತ್ತ್ವ ಬೇರೆಯಾದರೂ ಆರ್ತನ ಮೊರೆ ಒಂದೇ.

ಮೂರನೆಯದು ಆಸ್ಪತ್ರೆಗಳ ಘಟ್ಟ. ಬೆಂಗಳೂರಿನಲ್ಲಿ 1886ರಲ್ಲಿ ಸಂತ ಮಾರ್ತಾ ಆಸ್ಪತ್ರೆಯೂ, ಮೈಸೂರಿನಲ್ಲಿ 1906ರಲ್ಲಿ ವೆಸ್ಲಿಯನ್ ಮಿಷನ್ನಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯೂ ಆರಂಭವಾದವು. ಎರಡು ನಗರಗಳ ನಡುವಣ ರೈಲುದಾರಿಯಲ್ಲಿದ್ದ ರಾಮನಗರ, ಚನ್ನಪಟ್ಟಣಗಳಿಗೆ ಇವು ಎಟುಕುವಂತಿದ್ದವು. ರೈಲಿಲ್ಲದ ಕನಕಪುರ, ಮಾಗಡಿಗಳ ಒಳನಾಡಿನ ರೋಗಿಗೆ ದಾರಿಯೇ ದೊಡ್ಡ ತೊಡಕು. ಸೇವೆ ಎಷ್ಟು ಶ್ರೇಷ್ಠವಾದರೂ ಅದು ನಗರದ ಗೋಡೆಗಳೊಳಗೆ ನಿಂತರೆ ಹಳ್ಳಿಗೆ ಅದರಿಂದ ಬರುವ ಫಲವೇನು?

ಈ ಪ್ರಶ್ನೆಯನ್ನು ಕ್ರೈಸ್ತ ಜಗತ್ತೇ ಕೇಳಿಕೊಂಡಿತು. 1964ರಲ್ಲಿ ಜರ್ಮನಿಯ ಟ್ಯೂಬಿಂಗೆನ್ನಿನಲ್ಲಿ ಸೇರಿದ ಸಮಾಲೋಚನೆ, ಗುಣಪಡಿಸುವ ಹೊಣೆ ವೈದ್ಯರಿಗೆ ಮಾತ್ರವಲ್ಲದೆ ಸಭೆಗೆಲ್ಲ ಸೇರಿದುದೆಂದು ನಿರ್ಣಯಿಸಿತು. 1968ರಲ್ಲಿ ಚರ್ಚುಗಳ ವಿಶ್ವಮಂಡಲಿ ಕ್ರೈಸ್ತ ವೈದ್ಯಕೀಯ ಆಯೋಗವನ್ನು ಸ್ಥಾಪಿಸಿತು. 1978ರ ಆಲ್ಮಾ ಆಟಾ ಘೋಷಣೆಯ ಪ್ರಾಥಮಿಕ ಆರೋಗ್ಯತತ್ತ್ವಕ್ಕೆ ಅದರ ಚಿಂತನೆ ನೆರವಾಯಿತು. ನಮ್ಮಲ್ಲಿ ಬೆಂಗಳೂರಿನ ಸಂತ ಜಾನರ ವೈದ್ಯಕೀಯ ಕಾಲೇಜಿನ ಸಹಕಾರದಿಂದ 1973ರಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ಮಳ್ಳೂರಿನಲ್ಲಿ ಆರೋಗ್ಯ ಸಹಕಾರ ವ್ಯವಸ್ಥೆ ತೊಡಗಿತು. ಅಲ್ಲಿ ವೆಚ್ಚಕ್ಕೆ ಆಧಾರವಾದುದು ಹಾಲು ಉತ್ಪಾದಕರ ಸಂಘದ ಆದಾಯ. ರೇಷ್ಮೆಯನ್ನೂ ಹಾಲನ್ನೂ ನೆಚ್ಚಿದ ನಮ್ಮ ನಾಲ್ಕು ತಾಲ್ಲೂಕುಗಳಿಗೆ ಈ ಮಾದರಿ ದೂರದ್ದಲ್ಲ. ಅಲ್ಲಿ ರೋಗಿಯು ದಾನ ಪಡೆಯುವವನಾಗಿರದೆ ವ್ಯವಸ್ಥೆಯ ಪಾಲುದಾರನೇ ಆದನು.

ಒಟ್ಟಿನಲ್ಲಿ, ಕ್ರೈಸ್ತ ಆರೋಗ್ಯಚಿಂತನೆ ಈ ನಾಡಿಗೆ ಸಿದ್ಧವಸ್ತುವಾಗಿ ಬಂದುದಲ್ಲವೆಂದು ನಾವು ತಿಳಿಯುತ್ತೇವೆ. ಸುಶ್ರುತನ ಪದ ಅದರ ಭಾಷೆಗೆ ಅರ್ಥ ತುಂಬಿತು. ಹಳ್ಳಿಯ ತಾಯಂದಿರ ಆಡುಮಾತು ಅದರ ಲಸಿಕೆಗೆ ಹೆಸರಿಟ್ಟಿತು. ಹಾಲು ಮಾರುವ ರೈತ ಅದರ ಸೇವೆಗೆ ಬಲ ಕೊಟ್ಟನು. 1975ರಲ್ಲಿ ಭಾರತವು ಸಿಡುಬಿನ ಕೊನೆಯ ರೋಗಿಯನ್ನು ಕಂಡಿತು. ಆ ಜಯದಲ್ಲಿ ಪಾದ್ರಿಯ ಪಾಲೆಷ್ಟು, ಸರ್ಕಾರದ ಪಾಲೆಷ್ಟು ಎಂದು ಎಣಿಸುವ ವಿದ್ಯಾರ್ಥಿಯು, ಅಳುವ ಕೂಸಿನ ತೋಳನ್ನು ಚಾಚಿ ‘ದೇವಿ’ ಹಾಕಿಸಿದ ತಾಯಿಯ ಪಾಲನ್ನು ಮರೆಯಬಾರದು.